ಮೀಸಲು ಪಡೆಯ ನಾಳೆ
(ಬಾನುಲಿ ಭಾಷಣ)

ಮೀಸಲು ಎಂಬುದು ನಮ್ಮ ಭಾಷೆಯ ಹಳೆಯ ಮಾತುಗಳಲ್ಲೊಂದು. ಕರು ಹಾಕಿದ ಹಸುವಿನ ಹಾಲನ್ನು ಮನೆಯವರು ಬಾಯಿಗಿಡುವ ಮೊದಲು ದೇವರಿಗೆಂದು ಎತ್ತಿಟ್ಟರೆ ಅದು ಮೀಸಲು ಹಾಲು. ಹೊಸ ಪೈರಿನಲ್ಲಿ ಮೊದಲು ಕೊಯ್ದು ಬೇರೆಯಾಗಿ ಇರಿಸಿದ ತೆನೆ ಮೀಸಲು ತೆನೆ. ಅದನ್ನು ಯಾರೂ ಎಂಜಲು ಮಾಡುವಂತಿಲ್ಲ. ಬೇರೊಂದು ಕೆಲಸಕ್ಕೆ ತಿರುಗಿಸುವಂತಿಲ್ಲ. ಹೊತ್ತು ಬಂದಾಗ ಅದು ಕೆಟ್ಟಿರುವಂತೆಯೂ ಇಲ್ಲ. ಎಲ್ಲರೂ ಉಂಡಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ನಾವು ಮೀಸಲು ಎನ್ನುವುದಿಲ್ಲ, ಮಿಕ್ಕದ್ದು ಎನ್ನುತ್ತೇವೆ. 'ರಿಸರ್ವ್' ಎಂಬ ಸೈನಿಕ ಪದಕ್ಕೆ ಮೀಸಲು ಪಡೆ ಎಂಬ ಕನ್ನಡವನ್ನು ಹೊಂದಿಸಿದವರು ಬಹು ಒಳ್ಳೆಯ ಕೆಲಸ ಮಾಡಿದರು. ಆ ಪಡೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಆ ಮಾತಿನಲ್ಲೇ ಅಡಗಿದೆ. ರಾಷ್ಟ್ರವೊಂದು ತನ್ನ ಮೀಸಲು ಪಡೆಯನ್ನು ನಿಜವಾಗಿ ಮೀಸಲಾಗಿ ಇರಿಸಿದೆಯೆ, ಅಥವಾ ಖಾಯಂ ಸೈನ್ಯಕ್ಕೆ ಬಡಿಸಿ ಮಿಕ್ಕದ್ದನ್ನು ಅದಕ್ಕೆ ಬಡಿಸುತ್ತಿದೆಯೆ?

ಮೀಸಲು ಪಡೆಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳನ್ನು ಕಾಣುತ್ತೇವೆ. ಸೈನ್ಯದಲ್ಲಿ ಕೆಲವು ವರ್ಷ ದುಡಿದು ಮನೆಗೆ ಮರಳಿದವರು, ಕರೆ ಬಂದರೆ ಮತ್ತೆ ಸಮವಸ್ತ್ರ ತೊಡಬೇಕಾದವರು, ಒಂದು ಬಗೆ. ಅಂಗಡಿ, ಕಚೇರಿ, ಹೊಲ, ಕಾರ್ಖಾನೆಗಳಲ್ಲಿ ದುಡಿಯುತ್ತಲೇ ವರ್ಷದಲ್ಲಿ ಕೆಲವು ವಾರ ಕವಾಯತು, ಬಂದೂಕಿನ ಅಭ್ಯಾಸ ಮಾಡುತ್ತ ನಾಗರಿಕರಾಗಿಯೇ ಉಳಿಯುವವರು ಇನ್ನೊಂದು ಬಗೆ. ಇವರಲ್ಲಿ ವೈದ್ಯರು, ವಾಹನ ಚಾಲಕರು, ತಾಂತ್ರಿಕರು ಇರುವಂತೆಯೇ ಶತ್ರುವಿಗೆ ಎದುರು ನಿಂತು ಹೋರಾಡಬೇಕಾದ ತುಕಡಿಗಳೂ ಇವೆ. ಈ ಕೊನೆಯವರ ರಚನೆ ಹೇಗಿರಬೇಕು, ಅವರಿಗೆ ಯಾವ ಹೊಣೆಯನ್ನು ಒಪ್ಪಿಸಬೇಕು ಎಂಬುದು ಇಂದು ಲೋಕದ ಅನೇಕ ರಾಷ್ಟ್ರಗಳು ಕೈಗೆತ್ತಿಕೊಂಡಿರುವ ಪ್ರಶ್ನೆ. ನಮ್ಮ ದೇಶದಲ್ಲಂತೂ ಅದಕ್ಕೆ ಉತ್ತರಿಸಬೇಕಾದ ಕಾಲ ಹತ್ತಿರ ಬಂದಿದೆ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ತಾವು ಕೇಳಬಹುದು. ಶಾಸನಗಳನ್ನು ಪಾಠ ಮಾಡಿದವನಿಗೆ ಇದು ತೀರ ಹೊರಗಿನ ವಿಷಯವಲ್ಲ. ಕನ್ನಡ ನಾಡಿನ ಊರೂರಿನ ಹೊರಬಯಲಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳು ಯಾರನ್ನು ಕುರಿತವು? ಅರಸನ ದೊಡ್ಡ ಕಾಳಗಗಳಲ್ಲಿ ಬಿದ್ದ ದಂಡನಾಯಕರ ಕಲ್ಲುಗಳು ಉಂಟು, ನಿಜ. ಆದರೆ ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಬರುವ ಕಲ್ಲುಗಳನ್ನು ಓದಿ ನೋಡಿ. ದನಗಳನ್ನು ಹೊಡೆದುಕೊಂಡು ಹೋಗುವವರ ಬೆನ್ನಟ್ಟಿದವನು, ಊರಿಗೆ ಬೆಂಕಿ ಬಿದ್ದಾಗ ಬಾಗಿಲಲ್ಲಿ ನಿಂತವನು, ಹೆಂಗಸರ ಮೊರೆ ಕೇಳಿ ಓಡಿಬಂದವನು, ಬಹುಮಟ್ಟಿಗೆ ಊರಿನವನೇ. ಬೆಳಿಗ್ಗೆ ನೇಗಿಲೋ ಕೋಲೋ ಹಿಡಿದಿದ್ದ ಕೈ ಸಂಜೆ ಬಾಳು ಹಿಡಿಯಿತು. ಅವನು ಸತ್ತ ಮೇಲೆ ಊರು ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ. ಬಾಳ್ಗಚ್ಚು, ನೆತ್ತರುಗೊಡಗೆ ಎಂಬ ಹೆಸರಿನಿಂದ ಅವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟಿತು. ನೆತ್ತರುಗೊಡಗೆ! ಹರಿದ ನೆತ್ತರಿಗೆ ಕೊಟ್ಟ ಕೊಡುಗೆ. ಹೋರಾಡುವ ನಾಗರಿಕನಿಗೂ ಅವನು ಕಾಯ್ದ ಸಮಾಜಕ್ಕೂ ನಡುವೆ ಒಂದು ಕರಾರು ಇರಬೇಕೆಂಬ ತಿಳಿವಳಿಕೆ ಅಂದಿನವರಿಗೆ ಸ್ಪಷ್ಟವಾಗಿತ್ತು.

ಈ ತಿಳಿವಳಿಕೆ ನಾನಾ ರೂಪಗಳಲ್ಲಿ ಮುಂದುವರಿದಿದೆ. ಕೌಟಿಲ್ಯನು ಸೈನ್ಯವನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವೀ ಎಂದು ಆರಾಗಿ ವಿಂಗಡಿಸಿದ. ಅವುಗಳಲ್ಲಿ ಶ್ರೇಣಿಬಲವೆಂಬುದು ಶ್ರೇಣಿಗಳಿಗೆ, ಎಂದರೆ ವೃತ್ತಿಯ ಸಂಘಗಳಿಗೆ ಸೇರಿದ ಪಡೆ. ಮೈಸೂರು ಸೀಮೆಯಲ್ಲಿ ಕಂದಾಚಾರವೆಂಬ ವ್ಯವಸ್ಥೆ ಇತ್ತು. ಕಂದಾಚಾರದ ಪ್ಯಾದೆಗಳು ತಮ್ಮ ತಮ್ಮ ಊರುಗಳಲ್ಲೇ ಇದ್ದು ಸಾಗುವಳಿ ಮಾಡಿಕೊಂಡು, ಕೋಟೆ ಕೊತ್ತಲಗಳನ್ನೂ ಹಾದಿಗಳನ್ನೂ ಕಾಯುತ್ತ, ಕರೆದಾಗ ದಂಡಿಗೆ ಸೇರುತ್ತಿದ್ದರು. 1799ರ ನಂತರ ದಿವಾನ್ ಪೂರ್ಣಯ್ಯನವರು ಇಂಥ ಸಾವಿರಾರು ಜನರನ್ನು ಉಳಿಸಿಕೊಂಡರು. ಕೊಡಗಿನಲ್ಲಿ ಜಮ್ಮಾ ಹಿಡುವಳಿ ಉಂಟಷ್ಟೆ. ಅರಸನು ಕರೆದಾಗ ಆಯುಧ ಹಿಡಿದು ಬರಬೇಕೆಂಬ ಷರತ್ತಿನ ಮೇಲೆ ಕಡಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯ ವಿಷಯದಲ್ಲಿ ಇರುವ ವಿನಾಯಿತಿಯ ಬೇರು ಇಲ್ಲಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕೊಡುವುದು ಇಷ್ಟು, ಕೇಳುವುದು ಇಷ್ಟು ಎಂಬ ಸ್ಪಷ್ಟತೆ ಈ ಏರ್ಪಾಡುಗಳಲ್ಲಿತ್ತು. ಅವುಗಳ ಅನ್ಯಾಯಗಳು ಏನೇ ಇರಲಿ, ಈ ಒಂದು ಗುಣವನ್ನು ನಾವು ಒಪ್ಪಬೇಕು.

ಆಧುನಿಕ ಕಾಲದಲ್ಲಿ ಈ ಕರಾರನ್ನು ಹೊಸದಾಗಿ ಬರೆದವರಲ್ಲಿ ಬ್ರಿಟನ್ನಿನ ಯುದ್ಧಮಂತ್ರಿ ಹಾಲ್ಡೇನ್ ಪ್ರಮುಖ. ಆತ ಸೈನಿಕನಲ್ಲ, ಜರ್ಮನ್ ತತ್ತ್ವಶಾಸ್ತ್ರದಲ್ಲಿ ಪಳಗಿದವನು, ಷೋಪೆನ್‌ಹೌವರನನ್ನು ಇಂಗ್ಲಿಷಿಗೆ ತಂದವರಲ್ಲೊಬ್ಬ. ಅಲ್ಲಲ್ಲಿ ಚದುರಿದ್ದ ಸ್ವಯಂಸೇವಕರ ದಳಗಳನ್ನು ಕೂಡಿಸಿ 1908ರ ಏಪ್ರಿಲ್ 1ರಂದು 'ಟೆರಿಟೋರಿಯಲ್ ಫೋರ್ಸ್' ಎಂಬುದನ್ನು ಆತ ನಿಲ್ಲಿಸಿದ: ಹದಿನಾಲ್ಕು ಪದಾತಿ ಡಿವಿಜನ್ನುಗಳು, ಹದಿನಾಲ್ಕು ಕುದುರೆ ಸವಾರರ ಬ್ರಿಗೇಡುಗಳು. ಯುದ್ಧ ಬಂದರೆ ಈ ಜನಕ್ಕೆ ಆರು ತಿಂಗಳ ತರಬೇತಿ ಕೊಟ್ಟ ಮೇಲಷ್ಟೇ ಅವರು ಹೋರಾಟಕ್ಕೆ ಸಿದ್ಧರು ಎಂದು ಆತ ಎಣಿಸಿದ್ದ. ವಾರದ ಕೊನೆಯ ಕವಾಯತಿನಿಂದ ಪೂರ್ಣ ಸೈನಿಕ ಹುಟ್ಟುತ್ತಾನೆಂಬ ಭ್ರಮೆ ಆತನಿಗೆ ಇರಲಿಲ್ಲ. 1914ರಲ್ಲಿ ಯುದ್ಧ ಬಂದಾಗ ಈ ಪಡೆಯ ಕೆಲವು ಡಿವಿಜನ್ನುಗಳು ಭಾರತಕ್ಕೂ ಬಂದವು. ಇಲ್ಲಿನ ದಂಡುಗಳನ್ನು ಕಾಯುತ್ತಿದ್ದ ಖಾಯಂ ಪಲ್ಟನ್ನುಗಳು ಫ್ರಾನ್ಸಿನ ರಣರಂಗಕ್ಕೆ ಹೋದವು. ಅವರ ಜಾಗದಲ್ಲಿ ಇವರು ನಿಂತು ತಿಂಗಳುಗಟ್ಟಲೆ ಪಳಗಿದರು. ಮೀಸಲು ಪಡೆಯ ಅತ್ಯಂತ ಸಹಜವಾದ ಉಪಯೋಗ ಇದೇ ಎಂದು ಈಗಲೂ ಹೇಳಬಹುದು.

ನಮ್ಮ ದೇಶದಲ್ಲಿ 1920ರಲ್ಲಿ ಬ್ರಿಟಿಷ್ ಸರ್ಕಾರ ಎರಡು ಪಡೆಗಳನ್ನು ರಚಿಸಿತು. ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಆಕ್ಸಿಲಿಯರಿ ಫೋರ್ಸ್. ಭಾರತೀಯರಿಗೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್. ಆಯುಧವನ್ನು ಯಾರ ಕೈಗೆ ಕೊಡಬೇಕೆಂಬ ಅಂಜಿಕೆ ಆ ವಿಭಜನೆಯಲ್ಲೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಅಂಜಿಕೆಗೆ ಅರ್ಥವಿರಲಿಲ್ಲ. 1948ರ ಪ್ರಾದೇಶಿಕ ಸೇನಾ ಕಾಯಿದೆಯ ಪ್ರಕಾರ ನಮ್ಮ ಟೆರಿಟೋರಿಯಲ್ ಆರ್ಮಿ ಹುಟ್ಟಿತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಅದನ್ನು ಉದ್ಘಾಟಿಸಿದರು. ಆ ವರ್ಷ ಭಾರತದ ಭೂಸೈನ್ಯದ ಮಹಾದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಕಾರ್ಯಪ್ಪನವರು. ಮೊದಲಿಗೆ ಈ ಪಡೆಯಲ್ಲಿ ಪದಾತಿಯಷ್ಟೇ ಅಲ್ಲದೆ ವಿಮಾನ ನಿರೋಧಕ ಫಿರಂಗಿ, ಸಿಗ್ನಲ್, ಇಂಜಿನಿಯರಿಂಗ್ ಮುಂತಾದ ದಳಗಳೂ ಇದ್ದವು. ಎಪ್ಪತ್ತರ ದಶಕದ ಆರಂಭದಲ್ಲಿ ಅವುಗಳಲ್ಲಿ ಬಹುಪಾಲನ್ನು ಖಾಯಂ ಸೈನ್ಯಕ್ಕೆ ಸೇರಿಸಲಾಯಿತು ಅಥವಾ ವಿಸರ್ಜಿಸಲಾಯಿತು. ಉಳಿದದ್ದು ಪದಾತಿ ಬೆಟಾಲಿಯನ್ನುಗಳು ಮತ್ತು ರೈಲ್ವೆ, ತೈಲ, ವೈದ್ಯಕೀಯ ಮೊದಲಾದ ಇಲಾಖೆಗಳಿಗೆ ಹೊಂದಿಕೊಂಡ ದಳಗಳು. 1982ರ ಡಿಸೆಂಬರಿನಲ್ಲಿ ಡೆಹ್ರಾಡೂನಿನಲ್ಲಿ ನಿವೃತ್ತ ಸೈನಿಕರ ಒಂದು ಪರಿಸರ ಬೆಟಾಲಿಯನ್ ಹುಟ್ಟಿ, ಮಸ್ಸೂರಿಯ ಸುತ್ತ ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಬೆಟ್ಟಗಳಲ್ಲಿ ಗಿಡ ನೆಟ್ಟಿತು. ಪ್ರತಿಯೊಂದು ಪದಾತಿ ಬೆಟಾಲಿಯನ್ ಖಾಯಂ ಸೈನ್ಯದ ಒಂದು ರೆಜಿಮೆಂಟಿನ ನಂಟಿನಲ್ಲಿರುತ್ತದೆ. ಬೆಳಗಾವಿಯಲ್ಲಿ ನೆಲೆಸಿರುವ 115ನೆಯ ಬೆಟಾಲಿಯನ್ನಿಗೆ ಮಹಾರ್ ರೆಜಿಮೆಂಟಿನ ನಂಟು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಅರೆಕಾಲದ ಸೈನಿಕರಿಂದ ಕೂಡಿದ ಪಡೆ ನಿಜವಾದ ಕಾಳಗದ ಭಾರವನ್ನು ಹೊರಬಲ್ಲದೆ? ಇದಕ್ಕೆ ಅಮೆರಿಕದ ಅನುಭವ ಅತ್ಯಂತ ಬೋಧಪ್ರದ. ವಿಯೆಟ್ನಾಮ್ ಯುದ್ಧದ ನಂತರ ಆ ದೇಶ ಕಡ್ಡಾಯ ಸೈನಿಕ ಭರ್ತಿಯನ್ನು ಕೈಬಿಟ್ಟು, ಖಾಯಂ ಪಡೆಯನ್ನೂ ಮೀಸಲು ಪಡೆಯನ್ನೂ ಒಂದೇ ಬಲವಾಗಿ ಎಣಿಸುವ ನೀತಿಯನ್ನು ತಂದಿತು. ಖಾಯಂ ಡಿವಿಜನ್ನೊಂದರಲ್ಲಿ ಇರಬೇಕಾದ ಮೂರು ಬ್ರಿಗೇಡುಗಳಲ್ಲಿ ಎರಡು ಖಾಯಂ, ಮೂರನೆಯದು ನ್ಯಾಷನಲ್ ಗಾರ್ಡ್ ಎಂಬ ಮೀಸಲಿನದು ಎಂಬ ಏರ್ಪಾಡು ಹಲವು ಕಡೆ ಬಂತು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. 1990ರಲ್ಲಿ ಕೊಲ್ಲಿ ಯುದ್ಧದ ಸಿದ್ಧತೆ ನಡೆದಾಗ 24ನೆಯ ಡಿವಿಜನ್ ಸಮುದ್ರ ದಾಟಿ ಹೋಯಿತು. ಅದರ ಮೂರನೆಯ ಬ್ರಿಗೇಡಾಗಬೇಕಿದ್ದ ಜಾರ್ಜಿಯಾ ರಾಜ್ಯದ 48ನೆಯ ಬ್ರಿಗೇಡ್ ಮಾತ್ರ ಹೋಗಲಿಲ್ಲ. ಅದರ ಬದಲಿಗೆ ಖಾಯಂ ಸೈನ್ಯದ ಬೇರೊಂದು ಬ್ರಿಗೇಡು ಹೋಯಿತು. ಜಾರ್ಜಿಯಾದವರನ್ನು ನವೆಂಬರಿನ ಕೊನೆಯಲ್ಲಿ ಸೇವೆಗೆ ಕರೆದು, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ತಿಂಗಳುಗಟ್ಟಲೆ ತರಬೇತು ಮಾಡಿ, ಇನ್ನು ಇವರು ಹೋರಾಟಕ್ಕೆ ಅರ್ಹರು ಎಂದು ಪ್ರಮಾಣಪತ್ರ ಕೊಟ್ಟದ್ದು 1991ರ ಫೆಬ್ರವರಿ 28ರಂದು. ಯುದ್ಧ ನಿಂತದ್ದೂ ಅದೇ ದಿನ.

ಇದನ್ನು ಮೀಸಲು ಸೈನಿಕರ ಸೋಲು ಎಂದು ಓದುವವರಿದ್ದಾರೆ. ಆ ಓದು ಸರಿಯಲ್ಲ. ಅದೇ ಯುದ್ಧದಲ್ಲಿ ನ್ಯಾಷನಲ್ ಗಾರ್ಡಿನ ಫಿರಂಗಿ ಬ್ರಿಗೇಡುಗಳು ಸಮರ್ಥವಾಗಿ ಹೋರಾಡಿದವು. ಅದೇ 48ನೆಯ ಬ್ರಿಗೇಡ್ 2005ರಲ್ಲಿ, ಮುಂಚಿತವಾಗಿ ಸಿದ್ಧತೆಯ ಕಾಲ ದೊರೆತಾಗ, ಇರಾಕಿಗೆ ಹೋಗಿ ದುಡಿಯಿತು. ಗುಂಡು ಹೊಡೆಯುವ ಕೈ ಬೇಗ ಪಳಗುತ್ತದೆ. ಒಂದು ಫಿರಂಗಿಯ ಸುತ್ತ ದುಡಿಯುವ ಹತ್ತು ಜನ ತಕ್ಕಷ್ಟು ಬೇಗ ಪಳಗುತ್ತಾರೆ. ಆದರೆ ಟ್ಯಾಂಕು, ಪದಾತಿ, ಫಿರಂಗಿ, ಸರಬರಾಜು, ಸಂದೇಶ ಎಲ್ಲವನ್ನೂ ಹೊಂದಿಸಿಕೊಂಡು ಸಾವಿರಾರು ಜನ ಒಂದೇ ಮೈಯಂತೆ ಚಲಿಸಬೇಕಾದರೆ ಅದಕ್ಕೆ ವರ್ಷದ ಕೆಲವು ವಾರಗಳು ಸಾಲವು. ನಾಟಕದ ಉಪಮೆಯಲ್ಲಿ ಹೇಳುವುದಾದರೆ, ಮಾತು ಬಾಯಿಪಾಠವಾದ ನಟರು ಎಷ್ಟೇ ಇರಲಿ, ಒಟ್ಟಿಗೆ ತಾಲೀಮು ನಡೆಸದೆ ಪರದೆ ಎತ್ತಲಾಗದು. ಆದ್ದರಿಂದ ಮೀಸಲಿನ ಕಾಳಗದ ಪಡೆಯನ್ನು ದೊಡ್ಡ ದೊಡ್ಡ ಘಟಕಗಳಾಗಿ ಕಾಗದದ ಮೇಲೆ ನಿಲ್ಲಿಸುವುದಕ್ಕಿಂತ ಕಂಪನಿ, ಬೆಟಾಲಿಯನ್ನುಗಳ ಅಳತೆಯಲ್ಲಿ, ಒಂದೋ ಎರಡೋ ನಿರ್ದಿಷ್ಟ ಕೆಲಸಗಳಲ್ಲಿ ಗಟ್ಟಿಯಾಗಿ ಪಳಗಿಸುವುದು ವಿವೇಕ.

ರಚನೆಯ ಎರಡನೆಯ ಸಮಸ್ಯೆ ಊರಿನ ನಂಟು. ಒಂದೇ ಊರಿನವರು, ಒಂದೇ ಭಾಷೆಯವರು ಕೂಡಿದ ತುಕಡಿಯಲ್ಲಿ ಒಗ್ಗಟ್ಟು ಹೆಚ್ಚು. ಪಕ್ಕದವನ ಮುಂದೆ ಹೇಡಿಯಾಗಲು ಯಾರಿಗೂ ಮನಸ್ಸು ಬಾರದು. 2024ರ ಜುಲೈ 30ರಂದು ವಯನಾಡಿನಲ್ಲಿ ಬೆಟ್ಟ ಕುಸಿದು ಊರುಗಳು ಮಣ್ಣಿನಡಿ ಸೇರಿದಾಗ ಅಲ್ಲಿಗೆ ಧಾವಿಸಿದ ಸೈನಿಕರಲ್ಲಿ ಕೇರಳದಲ್ಲೇ ನೆಲೆಸಿದ 122ನೆಯ ಪ್ರಾದೇಶಿಕ ಸೇನಾ ಬೆಟಾಲಿಯನ್ನಿನವರು ಇದ್ದರು. ಹತ್ತಿರದಲ್ಲಿರುವುದರ ಬೆಲೆ ಅಂಥ ಹೊತ್ತಿನಲ್ಲಿ ತಿಳಿಯುತ್ತದೆ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ವರ್ಜೀನಿಯಾದಲ್ಲಿ ಬೆಡ್‌ಫರ್ಡ್ ಎಂಬ ಪಟ್ಟಣ. ಅಂದಿನ ಜನಸಂಖ್ಯೆ ಸುಮಾರು 3,200. ಅಲ್ಲಿನ ಯುವಕರು ನ್ಯಾಷನಲ್ ಗಾರ್ಡಿನ ಒಂದೇ ಕಂಪನಿಯಲ್ಲಿದ್ದರು. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಆ ಕಂಪನಿ ಮೊದಲ ಅಲೆಯಲ್ಲಿ ಇಳಿಯಿತು. ಒಂದೇ ದಿನದಲ್ಲಿ ಆ ಸಣ್ಣ ಪಟ್ಟಣದ ಇಪ್ಪತ್ತಕ್ಕೆ ಸಮೀಪದಷ್ಟು ಹುಡುಗರು ಸತ್ತರು. ಸುದ್ದಿಯ ತಂತಿಗಳು ಬಂದದ್ದು ಮುಂದಿನ ತಿಂಗಳು, ಒಂದರ ಹಿಂದೊಂದು. ಒಂದೇ ಊರಿನ ಕೆರೆಯ ಏರಿಯ ಮೇಲೆ ಒಂದೇ ವರ್ಷದ ಇಪ್ಪತ್ತು ವೀರಗಲ್ಲುಗಳನ್ನು ಕಲ್ಪಿಸಿಕೊಳ್ಳಿ! ಊರಿನ ನಂಟನ್ನು ಉಳಿಸಬೇಕು. ಆದರೆ ಒಂದು ಊರಿನ ಒಂದು ತಲೆಮಾರನ್ನೆಲ್ಲ ಒಂದೇ ದೋಣಿಯಲ್ಲಿ ಕೂರಿಸಬಾರದು. ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದವರನ್ನು ಕಂಪನಿಯ ಒಳಗೆ ಬೆರೆಸುವಂಥ ಸರಳ ಏರ್ಪಾಡು ಸಾಕು, ಒಗ್ಗಟ್ಟೂ ಉಳಿಯುತ್ತದೆ, ಊರೂ ಉಳಿಯುತ್ತದೆ.

ಮೂರನೆಯದು ಹೊಣೆಯ ಪ್ರಶ್ನೆ. ಯುಕ್ರೇನ್ ದೇಶ 2022ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಮೂಲಕ ಪ್ರಾದೇಶಿಕ ರಕ್ಷಣಾ ಪಡೆಯನ್ನು ಬಲಪಡಿಸಿತು. ಪ್ರತಿ ಪ್ರಾಂತಕ್ಕೆ ಒಂದು ಬ್ರಿಗೇಡು; ಸೇತುವೆ, ರಸ್ತೆ, ವಿದ್ಯುತ್ ಕೇಂದ್ರ ಮುಂತಾದವನ್ನು ಕಾಯುವುದು, ಸ್ವಂತ ಊರನ್ನು ರಕ್ಷಿಸುವುದು ಅದರ ಕೆಲಸ. ಎರಡು ತಿಂಗಳು ಕಳೆಯುವ ಮೊದಲೇ, ಫೆಬ್ರವರಿ 24ರಂದು, ರಷ್ಯದ ಸೈನ್ಯ ನುಗ್ಗಿತು. ಶಿಕ್ಷಕರು, ಅಂಗಡಿಯವರು, ಗಣಕಯಂತ್ರದ ಕೆಲಸಗಾರರು ಸಾಲುಗಟ್ಟಿ ನಿಂತು ಬಂದೂಕು ಪಡೆದರು. ತಮ್ಮ ನಗರಗಳ ಸುತ್ತ ಅವರು ಮಾಡಿದ ಕೆಲಸ ಲೋಕಕ್ಕೆ ತಿಳಿದಿದೆ. ಆದರೆ ಯುದ್ಧ ಉದ್ದವಾಯಿತು; ಕೆಲವೇ ತಿಂಗಳಲ್ಲಿ ಕಾನೂನನ್ನು ತಿದ್ದಿ, ಆ ತುಕಡಿಗಳನ್ನು ತಮ್ಮ ಪ್ರಾಂತದ ಹೊರಗೂ, ದೂರದ ಪೂರ್ವರಂಗಕ್ಕೂ ಕಳಿಸಲು ಅವಕಾಶ ಮಾಡಲಾಯಿತು. ಊರು ಕಾಯಲು ಲಘು ಆಯುಧ ಪಡೆದವರು ಭಾರಿ ಫಿರಂಗಿಗಳ ಮುಂದೆ ನಿಂತರು. ದೇಶದ ಉಳಿವಿನ ಪ್ರಶ್ನೆಯಾದಾಗ ಇದನ್ನು ತಪ್ಪೆನ್ನುವುದು ಕಷ್ಟ. ಆದರೂ ಒಂದು ಪಾಠ ಇಲ್ಲಿದೆ. ಕಾಲ ಒದಗಿದರೆ ಮೀಸಲು ಪಡೆ ಮುಂಚೂಣಿಗೆ ಹೋಗಿಯೇ ಹೋಗುತ್ತದೆ. ಹಿಂಬದಿಯ ಕಾವಲಿಗಷ್ಟೇ ಎಂದು ಹೇಳಿ ಕಡಮೆ ಆಯುಧ, ಕಡಮೆ ತರಬೇತಿ ಕೊಟ್ಟಿದ್ದರೆ, ಆ ಉಳಿತಾಯದ ಬೆಲೆಯನ್ನು ತೆರುವವನು ಆ ಸೈನಿಕನೇ.

ಭಾರತದ ಸ್ಥಿತಿ ಇನ್ನೊಂದು ರೀತಿಯದು. ನಮ್ಮ ಪ್ರಾದೇಶಿಕ ಸೇನೆ 1962, 1965, 1971ರ ಯುದ್ಧಗಳಲ್ಲಿ, ಮುಂದೆ ಶ್ರೀಲಂಕೆಯಲ್ಲಿ, ಕಾಶ್ಮೀರದಲ್ಲಿ, ಈಶಾನ್ಯದಲ್ಲಿ ದುಡಿದಿದೆ. ಖಾಯಂ ತುಕಡಿಗಳನ್ನು ಕಾವಲಿನ ಕೆಲಸದಿಂದ ಬಿಡಿಸಿ ಗಡಿಗೆ ಕಳಿಸಲು ಅದು ನೆರವಾಗಿದೆ. 2025ರ ಮೇ 6ರಂದು ಕೇಂದ್ರ ಸರ್ಕಾರ ಪ್ರಾದೇಶಿಕ ಸೇನೆಯ ಎಲ್ಲರನ್ನೂ ಕರೆಸಿಕೊಳ್ಳುವ ಅಧಿಕಾರವನ್ನು ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟು, ಆಗ ಇದ್ದ 32 ಪದಾತಿ ಬೆಟಾಲಿಯನ್ನುಗಳಲ್ಲಿ 14ನ್ನು ಸೇವೆಗೆ ಕರೆಯಲು ಆಜ್ಞೆ ಹೊರಡಿಸಿದ್ದನ್ನು ತಾವು ಬಲ್ಲಿರಿ. ನಿಯಮದ ಪ್ರಕಾರ ಪದಾತಿ ಬೆಟಾಲಿಯನ್ನಿನವನಿಗೆ ವರ್ಷಕ್ಕೆ ಎರಡು ತಿಂಗಳ ತರಬೇತಿ. ಉಳಿದ ಕಾಲ ಅವನು ಮನೆಯಲ್ಲಿರಬೇಕು. ಈ ಪಡೆಗೆ ಸೇರುವವನಿಗೆ ಸ್ವಂತ ಜೀವನೋಪಾಯ ಇರಬೇಕೆಂಬುದು ಇದರ ಮೂಲತತ್ತ್ವ. ಆದರೆ ಕೆಲವು ಬೆಟಾಲಿಯನ್ನುಗಳು ವರ್ಷಾನುಗಟ್ಟಲೆ ಸೇವೆಗೆ ಕರೆಯಲ್ಪಟ್ಟು, ಅರೆಕಾಲದ ಹೆಸರಿನಲ್ಲಿ ಪೂರ್ಣಕಾಲ ದುಡಿದಿವೆ. ಕೆಲಸ ಪೂರ್ಣ, ನೆಲೆ ಅಪೂರ್ಣ. ಸಿಪಾಯಿಗೆ ಪಿಂಚಣಿ ಬರಬೇಕಾದರೆ ಕರೆಸಿಕೊಂಡ ಸೇವೆಯೇ ಕೂಡಿ 15 ವರ್ಷವಾಗಬೇಕು, ಅಧಿಕಾರಿಗೆ 20 ವರ್ಷ. ಕರೆಸಿಕೊಳ್ಳುವುದು, ಕಳಿಸುವುದು ಸರ್ಕಾರದ ಕೈಯಲ್ಲಿ. ಹದಿಮೂರು, ಹದಿನಾಲ್ಕು ವರ್ಷಕ್ಕೆ ಲೆಕ್ಕ ನಿಂತವನ ಗತಿಯನ್ನು ಯೋಚಿಸಿ.

ಉದ್ಯೋಗದ ಮಾತೂ ಹೀಗೆಯೇ. ಕರೆಗೆ ಓಗೊಟ್ಟು ಹೋದವನು ಮರಳಿದಾಗ ಮಾಲೀಕನು ಅವನಿಗೆ ಹಿಂದಿನ ಕೆಲಸವನ್ನು ಕೊಡಬೇಕೆಂದು 1948ರ ಕಾಯಿದೆಯಲ್ಲೇ ಇದೆ. ಕೊಡದಿದ್ದರೆ ಗರಿಷ್ಠ ಆರು ತಿಂಗಳ ಸಂಬಳದಷ್ಟು ಪರಿಹಾರ. ಆರು ತಿಂಗಳ ಸಂಬಳ ತೆತ್ತು ಒಬ್ಬನನ್ನು ಕೈಬಿಡುವುದು ದೊಡ್ಡ ಉದ್ಯಮಕ್ಕೆ ಎಷ್ಟರ ಮಾತು? ನನ್ನ ವಿದ್ಯಾರ್ಥಿಯಾಗಿದ್ದವನೊಬ್ಬ, ಹಳೆಗನ್ನಡವನ್ನು ಪ್ರೀತಿಯಿಂದ ಓದುತ್ತಿದ್ದವನು, ಒಂದು ಖಾಸಗಿ ಸಂಸ್ಥೆಯಲ್ಲಿ ಗುಮಾಸ್ತನಾಗಿದ್ದುಕೊಂಡು ಪ್ರಾದೇಶಿಕ ಸೇನೆಗೆ ಸೇರಿದ. ಪ್ರತಿ ವರ್ಷ ಎರಡು ತಿಂಗಳು ರಜೆ ಕೇಳಿದಾಗಲೂ ಅವನ ಬಡ್ತಿಯ ಕಡತ ಕೆಳಗಿಳಿಯುತ್ತಿತ್ತು. ಒಮ್ಮೆ ನನ್ನನ್ನು ನೋಡಲು ಬಂದವನು, "ಮೇಷ್ಟ್ರೇ, ಗಡಿಯಲ್ಲಿ ರಾತ್ರಿ ಪಹರೆ ನಿಲ್ಲೋದು ಅಭ್ಯಾಸ ಆಗಿದೆ. ಆದರೆ ಕ್ಯಾಂಪಿಗೆ ಹೋಗ್ತೀನಿ ಅಂತ ಮ್ಯಾನೇಜರ ಮುಂದೆ ನಿಲ್ಲೋದು ಇನ್ನೂ ಅಭ್ಯಾಸ ಆಗಿಲ್ಲ" ಎಂದ. ನಗುತ್ತಲೇ ಹೇಳಿದ, ಆದರೆ ಎರಡು ವರ್ಷದ ಮೇಲೆ ಅವನು ಸಮವಸ್ತ್ರವನ್ನು ಬಿಟ್ಟ. ಅವನನ್ನು ಶತ್ರು ಸೋಲಿಸಲಿಲ್ಲ. ಅವನ ಬೆಟಾಲಿಯನ್ ಏಳು ವರ್ಷ ಪಳಗಿಸಿದ ಒಬ್ಬ ಹವಾಲ್ದಾರನನ್ನು ಕಳೆದುಕೊಂಡಿತು.

ಈಗ ನಾಳಿನ ಮಾತು. 2022ರ ಜೂನ್ 14ರಂದು ಘೋಷಿತವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಭರ್ತಿಯಾದ ಅಗ್ನಿವೀರರಲ್ಲಿ ಗರಿಷ್ಠ ನೂರಕ್ಕೆ 25 ಮಂದಿಯನ್ನು ಸೈನ್ಯದಲ್ಲಿ ಮುಂದುವರಿಸಿ ಉಳಿದವರನ್ನು ಕಳಿಸಬೇಕೆಂಬುದು ಅಂದಿನ ನಿಯಮ. ಮೊದಲ ತಂಡಗಳ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ವೇಳೆಗೆ ತುಂಬುವುದು. ಇಪ್ಪತ್ತರ ಹರೆಯದ, ಆಯುಧ ಬಲ್ಲ, ಶಿಸ್ತು ಬಲ್ಲ ಯುವಕರು ಊರಿಗೆ ಮರಳುತ್ತಾರೆ. ಆ ಯೋಜನೆಯ ಪರ ವಿರೋಧದ ವಾದ ಬೇರೆ. ಆದರೆ ಮೀಸಲು ಪಡೆಯ ದೃಷ್ಟಿಯಿಂದ ಇಷ್ಟು ಒಳ್ಳೆಯ ಬೀಜದ ಕಾಳು ಹಿಂದೆಂದೂ ನಮ್ಮ ಕೈಗೆ ಬಂದಿರಲಿಲ್ಲ. ಸುಮಾರು 55 ಲಕ್ಷ ಜನರಿರುವ ಫಿನ್ಲೆಂಡ್, ತರಬೇತಿ ಪಡೆದು ಮನೆಗೆ ಮರಳಿದವರನ್ನು ನಂಬಿಯೇ ಯುದ್ಧಕಾಲಕ್ಕೆ 2,80,000 ಜನರ ಸೈನ್ಯವನ್ನು ಎಣಿಸಿಕೊಂಡು ಬಂದಿದೆ. ಅಲ್ಲಿ ಕಡ್ಡಾಯ ಸೇವೆ ಇದೆ. ನಮ್ಮಲ್ಲಿ ಅದು ಬೇಕಿಲ್ಲ, ಸ್ವಂತ ಇಚ್ಛೆಯಿಂದ ಬರುವವರೇ ಬೇಕಾದಷ್ಟಿದ್ದಾರೆ. ಮನೆಗೆ ಹೋದವನ ಹೆಸರು, ವಿದ್ಯೆ, ದೇಹಸ್ಥಿತಿ, ತುಕಡಿ, ಆಯುಧ ಎಲ್ಲವೂ ಮೊದಲೇ ಗೊತ್ತುಮಾಡಿರುವ ಅಲ್ಲಿನ ಅಚ್ಚುಕಟ್ಟನ್ನು ಮಾತ್ರ ನಾವು ಕಲಿಯಬೇಕು.

ಇವರಿಗೆ ಕೊಡಬೇಕಾದ ಕೆಲಸವೂ ಬದಲಾಗುತ್ತಿದೆ. ಇಂದಿನ ಯುದ್ಧದಲ್ಲಿ ಗಡಿ ಎಂಬುದು ಗಡಿಯಲ್ಲಿ ಮಾತ್ರ ಇಲ್ಲ. ಅಗ್ಗದ ಡ್ರೋನ್ ನೂರಾರು ಮೈಲಿ ಒಳಗಿನ ತೈಲಾಗಾರವನ್ನೋ ವಿದ್ಯುತ್ ಕೇಂದ್ರವನ್ನೋ ಹುಡುಕಿಕೊಂಡು ಬರುವ ಕಾಲ ಇದು. ಪ್ರತಿ ಅಣೆಕಟ್ಟಿನ ಮೇಲೆ, ಪ್ರತಿ ದೊಡ್ಡ ಸೇತುವೆಯ ಮೇಲೆ ಖಾಯಂ ಸೈನಿಕರನ್ನು ನಿಲ್ಲಿಸುವುದು ಅಸಾಧ್ಯ. ಒಂದು ಕಾಲಕ್ಕೆ ಪ್ರಾದೇಶಿಕ ಸೇನೆಯಲ್ಲಿದ್ದ ವಿಮಾನ ನಿರೋಧಕ ದಳಗಳನ್ನು ಹೊಸ ರೂಪದಲ್ಲಿ, ಡ್ರೋನ್ ತಡೆಯುವ ಸಣ್ಣ ಸಣ್ಣ ತುಕಡಿಗಳಾಗಿ, ಮತ್ತೆ ತರಬಹುದು. ಆಯಾ ಜಿಲ್ಲೆಯವರೇ, ಆಯಾ ನೆಲವನ್ನು ಬಲ್ಲವರೇ ಅದಕ್ಕೆ ತಕ್ಕವರು. ಗಣಕಯಂತ್ರದ ಜಾಲವನ್ನು ಕಾಯುವ ಕೆಲಸಕ್ಕೆ ಬೆಂಗಳೂರಿನಂಥ ನಗರದಲ್ಲಿ ನುರಿತವರಿಗೆ ಕೊರತೆಯೆ? ಖಾಯಂ ಸೈನ್ಯದ ಸಂಬಳಕ್ಕೆ ಅವರು ಬಾರರು. ವರ್ಷಕ್ಕೆ ಕೆಲವು ವಾರ ದೇಶಕ್ಕೆಂದು ಬಂದಾರು. 2023ರಲ್ಲಿ ಪ್ರಾದೇಶಿಕ ಸೇನೆ ಚೀನೀ ಭಾಷೆ ಬಲ್ಲ ಕೆಲವರನ್ನು ಗಡಿಯ ಮಾತುಕತೆಗಳ ನೆರವಿಗೆಂದು ಸೇರಿಸಿಕೊಂಡ ಸುದ್ದಿಯನ್ನು ಓದಿದಾಗ, ಭಾಷೆಯ ಮೇಷ್ಟರಾದ ನಮಗೆ ಸಂತೋಷವಾಗದೆ ಇರುತ್ತದೆಯೆ? ಚಾವುಂಡರಾಯನು ದಂಡನಾಯಕನೂ ಆಗಿದ್ದ, ಗ್ರಂಥಕರ್ತನೂ ಆಗಿದ್ದ. ಒಬ್ಬ ಮನುಷ್ಯ ಎರಡು ಬಾಳನ್ನು ಬಾಳಬಲ್ಲನೆಂಬುದು ಕನ್ನಡಿಗರಿಗೆ ಹೊಸ ಮಾತಲ್ಲ.

ಇದೆಲ್ಲ ನಡೆಯಬೇಕಾದರೆ ಮೂರು ಕಾರ್ಯಗಳು ಆಗಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದು, ಸೇರುವ ದಿನವೇ ಸೈನಿಕನಿಗೆ ಅವನ ಹೊಣೆಯನ್ನು ಬಿಡಿಸಿ ಹೇಳಬೇಕು: ಯಾವ ಕೆಲಸ, ಎಷ್ಟು ಕಾಲ, ಎಲ್ಲಿಯವರೆಗೆ. ಹೊಣೆ ಹೆಚ್ಚಿದರೆ ತರಬೇತಿಯೂ ಆಯುಧವೂ ಜತೆಗೇ ಹೆಚ್ಚಬೇಕು. ಎರಡನೆಯದು, ಕರೆಸಿಕೊಂಡ ಪ್ರತಿ ತಿಂಗಳೂ ಅವನ ಮುಪ್ಪಿನ ಲೆಕ್ಕಕ್ಕೆ ಸೇರಬೇಕು. ಹದಿನೈದಕ್ಕೆ ಒಂದು ವರ್ಷ ಕಡಮೆಯಾಯಿತೆಂದು ಎಲ್ಲವೂ ಸೊನ್ನೆಯಾಗಬಾರದು. ಮಾಲೀಕನ ನಷ್ಟದಲ್ಲಿ ಸರ್ಕಾರ ಪಾಲು ಹೊರಬೇಕು. ಆಗ ರಜೆ ಕೊಡುವ ಕೈ ಹಿಂಜರಿಯುವುದಿಲ್ಲ. ಮೂರನೆಯದು ಸ್ವಲ್ಪ ಸೂಕ್ಷ್ಮವಾದದ್ದು. 1974ರ ರೈಲ್ವೆ ಮುಷ್ಕರದಲ್ಲಿ ಪ್ರಾದೇಶಿಕ ಸೇನೆಯನ್ನು ಕರೆದು ರೈಲುಗಳನ್ನು ಓಡಿಸುವ ಪ್ರಯತ್ನ ನಡೆಯಿತು. ರೈಲ್ವೆ ದಳದಲ್ಲಿದ್ದವನು ಸ್ವತಃ ರೈಲ್ವೆ ಕೆಲಸಗಾರ. ಹಿಂದಿನ ದಿನ ತನ್ನ ಜತೆ ಚಹಾ ಕುಡಿದವನ ಮುಷ್ಕರವನ್ನು ಅವನು ಇಂದು ಸಮವಸ್ತ್ರ ತೊಟ್ಟು ಮುರಿಯಬೇಕಾಯಿತು. ನಾಗರಿಕ ಸೈನಿಕನನ್ನು ಅವನ ನಾಗರಿಕ ಬಾಳಿನ ವಿರುದ್ಧವೇ ನಿಲ್ಲಿಸುವ ಇಂಥ ಕೆಲಸಕ್ಕೆ ಈ ಪಡೆಯನ್ನು ಬಳಸಬಾರದು. ಅದೇ ರೈಲ್ವೆಯವರಲ್ಲಿ 17 ಮಂದಿ 1965ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದ ಗಡರಾ ರೋಡ್ ಬಳಿ, ಗಡಿಗೆ ಸಾಮಗ್ರಿ ಸಾಗಿಸುವಾಗ ಶತ್ರು ವಿಮಾನಗಳ ದಾಳಿಗೆ ಪ್ರಾಣ ಕೊಟ್ಟರೆಂಬುದನ್ನು ನೆನೆದರೆ, ದೇಶ ಕರೆದಾಗ ಅವರು ಹಿಂಜರಿಯುವವರಲ್ಲ ಎಂದು ತಿಳಿದೀತು. ಕೇಳಬೇಕಾದದ್ದನ್ನು ಕೇಳಿದರೆ ಜನ ಕೊಡುತ್ತಾರೆ.

ಹಣದ ಮಾತು ಬಂದೇ ಬರುತ್ತದೆ. ಮೀಸಲು ಪಡೆ ಅಗ್ಗವೆಂಬ ಕಾರಣಕ್ಕೆ ಅದನ್ನು ಬೆಳೆಸಬೇಕೆನ್ನುವವರಿದ್ದಾರೆ. ಶಾಂತಿಯ ಕಾಲದಲ್ಲಿ ಅದು ಖಾಯಂ ಸೈನ್ಯಕ್ಕಿಂತ ಕಡಮೆ ಖರ್ಚಿನದು, ಸಂದೇಹವಿಲ್ಲ. ಆದರೆ ಅಗ್ಗವೆಂದು ಇಟ್ಟದ್ದನ್ನು ಅಗ್ಗವಾಗಿಯೇ ನೋಡಿಕೊಂಡರೆ ಬೇಕಾದ ದಿನ ಅದು ಜಾರ್ಜಿಯಾದ ಬ್ರಿಗೇಡಿನಂತೆ ಮೂರು ತಿಂಗಳು ತಡವಾಗಿ ಸಿದ್ಧವಾಗುತ್ತದೆ, ಅಥವಾ ಸಿದ್ಧವಾಗದೆಯೇ ಮುಂಚೂಣಿಗೆ ಹೋಗುತ್ತದೆ. ಮೊದಲನೆಯದರಲ್ಲಿ ಯುದ್ಧ ತಪ್ಪುತ್ತದೆ. ಎರಡನೆಯದರಲ್ಲಿ ಮಕ್ಕಳು ಸಾಯುತ್ತಾರೆ.

ಮುಂದಿನ ಕೆಲವು ವರ್ಷಗಳಲ್ಲಿ ತಮ್ಮ ಬೀದಿಯಲ್ಲೋ ಪಕ್ಕದ ಹಳ್ಳಿಯಲ್ಲೋ ನಾಲ್ಕು ವರ್ಷ ಸೈನ್ಯದಲ್ಲಿದ್ದು ಮರಳಿದ ಹುಡುಗನೊಬ್ಬನನ್ನು ತಾವು ಕಾಣುವಿರಿ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಲೋ, ಬಸ್ಸು ಓಡಿಸುತ್ತಲೋ, ತೋಟಕ್ಕೆ ನೀರು ಕಟ್ಟುತ್ತಲೋ ಇರುವ ಅವನ ಹೆಸರು ಯಾವುದಾದರೂ ಮೀಸಲು ತುಕಡಿಯ ಪಟ್ಟಿಯಲ್ಲಿದೆಯೆ, ಅವನು ಕ್ಯಾಂಪಿಗೆ ಹೋದ ತಿಂಗಳು ಅವನ ಮನೆಯ ಒಲೆ ಉರಿಯುತ್ತದೆಯೆ, ಮರಳಿದಾಗ ಅವನ ಕುರ್ಚಿ ಅವನಿಗೆ ಸಿಗುತ್ತದೆಯೆ ಎಂದು ವಿಚಾರಿಸುವುದು ಸೇನಾಪತಿಗಳೊಬ್ಬರ ಕೆಲಸವಲ್ಲ. ಹಿಂದಿನ ಊರುಗಳು ನೆತ್ತರುಗೊಡಗೆಯನ್ನು ವೀರ ಬಿದ್ದ ಮೇಲೆ ಕೊಟ್ಟವು. ನಾವು ನಮ್ಮ ಪಾಲಿನ ಕೊಡುಗೆಯನ್ನು ಅವನು ಬದುಕಿರುವಾಗಲೇ ಕೊಡಬಹುದು.